ಮನೆಗೆ ಹುಟ್ಟಿದ ಕುದುರೆಮರಿ



ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಕಡೆಯ ಬಯಲುಸೀಮೆಯಲ್ಲಿ ಪ್ರಯಾಣಮಾಡುತ್ತಿದ್ದಾಗ, ಜೋಳದ ಕೊಯ್ಲು ಮುಗಿದ ಒಂದು ಹೊಲದಲ್ಲಿ ಕುರುಬರ ಬೀಡೊಂದನ್ನು ನಾವು ಕಂಡೆವು. ರಾತ್ರಿಯ ವೇಳೆ ಹೊಲದಲ್ಲಿ ಕುರಿ ನಿಲ್ಲಿಸಿ, ಗೊಬ್ಬರ ಮಾಡಿಕೊಟ್ಟು, ಹೊಲದ ಒಡೆಯನಿಂದ ಕಾಳನ್ನೋ ಹಣವನ್ನೋ ಪಡೆದು, ಮುಂದಿನ ಊರಿಗೆ ನಡೆಯುವ ಜನ ಅವರು. ಅವರ ಕಂಬಳಿ, ಪಾತ್ರೆ, ದವಸ, ನಡೆಯಲಾರದ ಎಳೆಯ ಕುರಿಮರಿ, ಎಲ್ಲವನ್ನೂ ಹೊರುವುವು ನಾಲ್ಕಾರು ತಟ್ಟುಕುದುರೆಗಳು. ಅಂದು ಬೆಳಗ್ಗೆ ಕಿತ್ತು ಹೊರಡಬೇಕಾಗಿದ್ದ ಬೀಡು ಹೊರಟಿರಲಿಲ್ಲ. ಕಾರಣವೇನೆಂದು ವಿಚಾರಿಸಿದೆವು. ಹಿಂದಿನ ರಾತ್ರಿ ಅವರ ಹೆಣ್ಣುಕುದುರೆಯೊಂದು ಈದಿತ್ತು. ಮನೆಯ ಮುದುಕಿಯೊಬ್ಬಳು ಬಾಣಂತಿ ಕುದುರೆಗೆ ಬೆಚ್ಚನೆಯ ನುಚ್ಚಿನ ಗಂಜಿಯನ್ನು ಕುಡಿಸುತ್ತಿದ್ದಳು. ಉದ್ದವಾದ ಕಾಲುಗಳ ಮೇಲೆ ತೂಗಾಡುತ್ತ ನಿಂತಿದ್ದ ಮರಿಯ ಸುತ್ತ ಮಕ್ಕಳು ನೆರೆದಿದ್ದರು. ಮರಿಯ ಬೆಲೆ ಎಷ್ಟಾದೀತೆಂದು ನಾವು ಸುಮ್ಮನೆ ಕೇಳಿದೆವು. ಬೀಡಿನ ಹಿರಿಯನು ನಕ್ಕು, "ಇದು ಮಾರಾಕ ಹುಟ್ಟಿದ್ದಲ್ರೀ, ಮನೀಗೆ ಹುಟ್ಟೈತಿ" ಎಂದನು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ದಕ್ಷಿಣದ ದೊಡ್ಡ ದೊಡ್ಡ ಅರಸರು ಶತಮಾನಗಟ್ಟಲೆ ಕುದುರೆಗಳನ್ನು ಕೊಂಡರೇ ಹೊರತು, ತಮ್ಮ ಲಾಯದಲ್ಲಿ ಹುಟ್ಟಿದ ಮರಿಯನ್ನು ನೆಚ್ಚಿದುದು ಅಪರೂಪ. ಅರಮನೆಗೆ ಸಾಧ್ಯವಾಗದಿದ್ದ ಒಂದು ಕೆಲಸ ಕುರುಬರ ಗುಡಾರದ ಮಗ್ಗುಲಲ್ಲಿ ಸಾಧ್ಯವಾದುದು ಹೇಗೆ? ಇಂದಿನ ಭಾಷಣದಲ್ಲಿ ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ಚರಿತ್ರೆಗೆ ಹೋಗುವ ಮುನ್ನ, ಕುದುರೆಮರಿಯೊಂದು ಹುಟ್ಟುವುದೆಂದರೆ ಏನೆಂಬುದನ್ನು ತಿಳಿದಿರುವುದು ಅವಶ್ಯ. ಹೆಣ್ಣುಕುದುರೆಯು ಸುಮಾರು 11 ತಿಂಗಳು, ಎಂದರೆ ಹೆಚ್ಚುಕಡಮೆ 340 ದಿನ, ಗಬ್ಬದಲ್ಲಿರುತ್ತದೆ. ದಿನ ಸಮೀಪಿಸಿದಾಗ ಕೆಚ್ಚಲು ತುಂಬಿ, ಮೊಲೆತೊಟ್ಟುಗಳ ತುದಿಯಲ್ಲಿ ಮೇಣದಂತಹ ಹನಿ ಕಟ್ಟಿಕೊಳ್ಳುತ್ತದೆ. ಈಯುವುದು ಬಹುಮಟ್ಟಿಗೆ ರಾತ್ರಿಯ ನಿಶ್ಶಬ್ದದಲ್ಲಿಯೇ. ನೀರು ಒಡೆದ ಬಳಿಕ ಸುಮಾರು ಅರ್ಧ ಗಂಟೆಯೊಳಗೆ ಮರಿ ಹೊರಬೀಳಬೇಕು. ಮೊದಲು ಮುಂಗಾಲುಗಳೆರಡು, ಅವುಗಳ ಮೇಲೆ ಒರಗಿದ ಮೂತಿ. ಇದು ಸರಿಯಾದ ಕ್ರಮ. ಕ್ರಮ ತಪ್ಪಿದರೆ ತಾಯಿಮರಿಗಳೆರಡಕ್ಕೂ ಅಪಾಯ. ಹುಟ್ಟುವಾಗ ಮರಿಯ ಗೊರಸುಗಳ ಮೇಲೆ ಮೆತ್ತನೆಯ, ಎಳೆಎಳೆಯಾದ ಒಂದು ಹೊದಿಕೆಯಿರುವುದನ್ನು ನೋಡಿದವರು ಬಲ್ಲರು. ಗಟ್ಟಿಯಾದ ಗೊರಸು ತಾಯಿಯ ಒಡಲನ್ನು ಸೀಳದಿರಲೆಂದು ಪ್ರಕೃತಿಯು ಮಾಡಿರುವ ಏರ್ಪಾಡು ಇದು. ಮರಿ ಎದ್ದು ನಡೆಯತೊಡಗಿದ ಸ್ವಲ್ಪ ಹೊತ್ತಿಗೆಲ್ಲ ಅದು ಸವೆದುಹೋಗುತ್ತದೆ.

ಅನುಭವಿಗಳು ಇಲ್ಲಿ ಒಂದು ಸುಲಭವಾದ ಲೆಕ್ಕವನ್ನು ಇಟ್ಟುಕೊಂಡಿರುತ್ತಾರೆ. ಒಂದು ಗಂಟೆಯಲ್ಲಿ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯಲ್ಲಿ ಮೊಲೆಗೆ ಬಾಯಿಡಬೇಕು. ಮೂರು ಗಂಟೆಯಲ್ಲಿ ತಾಯಿಯ ಕಸ ಬೀಳಬೇಕು. ಇವುಗಳಲ್ಲಿ ಎರಡನೆಯದು ಅತ್ಯಂತ ಮುಖ್ಯವಾದುದು. ಮನುಷ್ಯರ ಕೂಸಿಗೆ ರೋಗವನ್ನು ತಡೆಯುವ ಶಕ್ತಿಯ ಒಂದು ಭಾಗ ಗರ್ಭದಲ್ಲಿಯೇ ತಾಯಿಯಿಂದ ದೊರೆಯುತ್ತದೆ. ಕುದುರೆಮರಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬೇಕಾದ ರಕ್ಷಣೆಯೆಲ್ಲ ಗಿಣ್ಣುಹಾಲಿನಲ್ಲಿರುತ್ತದೆ. ಅದನ್ನು ಹೀರಿಕೊಳ್ಳುವ ಶಕ್ತಿಯೂ ಮರಿಯ ಕರುಳಿಗೆ ಮೊದಲ ಒಂದು ದಿನ ಮಾತ್ರ. ಅದರಲ್ಲಿಯೂ ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು. ಆ ಗಂಟೆಗಳು ತಪ್ಪಿದರೆ, ಮೇಲುನೋಟಕ್ಕೆ ಚೆನ್ನಾಗಿರುವ ಮರಿಯೂ ವಾರದೊಳಗೆ ಸತ್ತುಹೋಗಬಹುದು. ಆದುದರಿಂದ ಕುದುರೆಮರಿಯ ಸ್ವಾಗತಕ್ಕೆ ಮೊದಲು ಬೇಕಾದುದು ತೋರಣವಲ್ಲ, ವಾದ್ಯವಲ್ಲ; ರಾತ್ರಿಯೆಲ್ಲ ಎಚ್ಚರವಾಗಿರುವ ಒಬ್ಬ ಮನುಷ್ಯ. ಅವನು ಲಾಟೀನನ್ನು ತಗ್ಗಿಸಿಕೊಂಡು ದೂರದಲ್ಲಿ ಕುಳಿತು ನೋಡುತ್ತಿರಬೇಕು, ಅವಶ್ಯವಿಲ್ಲದೆ ಕೈ ಹಾಕಬಾರದು, ಅವಶ್ಯವಾದಾಗ ತಡಮಾಡಬಾರದು.

ಈ ವಿಷಯ ನಮ್ಮ ಪೂರ್ವಿಕರಿಗೆ ತಿಳಿಯದಿದ್ದುದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಒಂದು ಪ್ರಕರಣವಿದೆ. ಈದ ಕುದುರೆಗೆ ಮೊದಲ ಮೂರು ರಾತ್ರಿ ತುಪ್ಪವನ್ನು ಕುಡಿಸಬೇಕು. ಆಮೇಲೆ ಹತ್ತು ರಾತ್ರಿ ಹಿಟ್ಟನ್ನೂ ಜಿಡ್ಡು ಬೆರೆತ ಔಷಧವನ್ನೂ ಕೊಡಬೇಕು. ಬಳಿಕ ಬೇಯಿಸಿದ ಧಾನ್ಯವನ್ನೂ ಹಸಿರು ಹುಲ್ಲನ್ನೂ ಹಾಕಬೇಕು. ಹತ್ತು ದಿನ ಕಳೆದ ಮರಿಗೆ ತುಪ್ಪ ಬೆರೆಸಿದ ಹಿಟ್ಟಿನ ಜೊತೆಗೆ ಆರು ತಿಂಗಳವರೆಗೆ ಹಾಲನ್ನು ಗೊತ್ತುಮಾಡಬೇಕು. ಮುಂದೆ ಅದರ ಆಹಾರವನ್ನು ಹೆಚ್ಚಿಸುತ್ತ, ನಾಲ್ಕು ಅಥವಾ ಐದು ವರ್ಷಕ್ಕೆ ಅದು ಕೆಲಸಕ್ಕೆ ಬರುವಂತೆ ಮಾಡಬೇಕು ಎಂಬ ವಿಧಿಗಳು ಅಲ್ಲಿ ದೊರೆಯುತ್ತವೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಕುದುರೆಗಳ ವಿಚಾರ ವಿಸ್ತಾರವಾಗಿ ಬಂದಿದೆ. ಕನ್ನಡದಲ್ಲಿಯೇ ಪದ್ಮಣಪಂಡಿತನು 1627ರಲ್ಲಿ ಹಯಸಾರಸಮುಚ್ಚಯವೆಂಬ ಗ್ರಂಥವನ್ನು ಬರೆದನು. ಶಾಸ್ತ್ರಕ್ಕೆ ಕೊರತೆಯಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೂ ನಮ್ಮ ಅರಸರು ಕುದುರೆಗಾಗಿ ಸಮುದ್ರದ ಕಡೆಗೆ ನೋಡುತ್ತಿದ್ದರು. 13ನೆಯ ಶತಮಾನದ ಕೊನೆಯಲ್ಲಿ ನಮ್ಮ ನೆರೆಯ ಪಾಂಡ್ಯನಾಡಿಗೆ ಬಂದಿದ್ದ ವೆನಿಸ್ ನಗರದ ಮಾರ್ಕೊ ಪೋಲೊ ಎಂಬ ಪ್ರವಾಸಿಯು ಅಲ್ಲಿಯ ಸ್ಥಿತಿಯನ್ನು ವರ್ಣಿಸಿದ್ದಾನೆ. ಹೋರ್ಮಜ್, ಕೀಶ್, ಧೋಫಾರ್, ಏಡನ್ ಮುಂತಾದ ರೇವುಗಳ ವರ್ತಕರು ಹಡಗುಗಳಲ್ಲಿ ಕುದುರೆಗಳನ್ನು ತುಂಬಿಕೊಂಡು ಬರುತ್ತಿದ್ದರು. ಅಲ್ಲಿಯ ದೊರೆಯೊಬ್ಬನೇ ವರ್ಷಕ್ಕೆ 2,000ಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುತ್ತಿದ್ದನು. ಅವನ ಸೋದರರೂ ಹಾಗೆಯೇ. ವರ್ಷದ ಕೊನೆಗೆ ನೂರು ಕುದುರೆ ಉಳಿದರೆ ಅದೇ ಹೆಚ್ಚು. ಕುದುರೆಗಳಿಗೆ ಅನ್ನವನ್ನೂ ಬೇಯಿಸಿದ ಮಾಂಸವನ್ನೂ ತಿನ್ನಿಸುತ್ತಿದ್ದರೆಂದೂ, ಅಲ್ಲಿ ದೊಡ್ಡ ಕುದುರೆಗೆ ದೊಡ್ಡ ಕುದುರೆಯನ್ನೇ ಕೂಡಿಸಿದರೂ ಸೊಟ್ಟಗಾಲಿನ, ಸವಾರಿಗೆ ಬಾರದ ಕ್ಷುದ್ರವಾದ ಮರಿ ಹುಟ್ಟುತ್ತಿತ್ತೆಂದೂ ಅವನು ಹೇಳುತ್ತಾನೆ. ಇದಕ್ಕಿಂತಲೂ ಗಮನಾರ್ಹವಾದ ಇನ್ನೊಂದು ಮಾತನ್ನು ಅವನು ಸೇರಿಸಿದ್ದಾನೆ. ಕುದುರೆಯ ಆರೈಕೆ ಬಲ್ಲವರು ಆ ದೇಶದಲ್ಲಿರಲಿಲ್ಲ. ಕುದುರೆಗಳನ್ನು ತರುವ ವರ್ತಕರು ಅಂತಹ ವೈದ್ಯರನ್ನು ತಾವೂ ಕರೆತರುತ್ತಿರಲಿಲ್ಲ, ಬರಲೂ ಬಿಡುತ್ತಿರಲಿಲ್ಲ. ಕುದುರೆ ಸತ್ತಷ್ಟೂ ಅವರಿಗೆ ಲಾಭವಲ್ಲವೆ!

ಪ್ರವಾಸಿಗಳ ಮಾತನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಅವರ ಅಂಕಿಗಳಲ್ಲಿ ಉತ್ಪ್ರೇಕ್ಷೆಯಿರುವುದು ಸಾಮಾನ್ಯ. ಆದರೆ ದಕ್ಷಿಣದ ಹವೆ ಕುದುರೆಗೆ ಕಠಿನವೆಂಬುದು ನಿಜ. ತೇವದ ಸೆಕೆ, ಸಾರವಿಲ್ಲದ ಹುಲ್ಲು, ಕುದುರೆನೊಣಗಳು ಹರಡುವ ಸರ್ರಾ ಎಂಬ ರೋಗ, ಇವೆಲ್ಲ ಅದರ ಶತ್ರುಗಳು. ಈ ರೋಗಕ್ಕೆ ರಕ್ತದಲ್ಲಿ ಸೇರಿಕೊಳ್ಳುವ ಸೂಕ್ಷ್ಮಜೀವಿಯೊಂದು ಕಾರಣವೆಂಬುದನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಪಂಜಾಬಿನಲ್ಲಿ ಕಂಡುಹಿಡಿದುದು 1880ರಷ್ಟು ಈಚೆಗೆ. ಅದಕ್ಕೆ ಹಿಂದೆ, ಲಾಯದಲ್ಲಿ ಒಂದರ ಮೇಲೊಂದು ಕುದುರೆ ಸೊರಗಿ ಸಾಯುತ್ತಿದ್ದರೆ, ಕಾರಣವನ್ನು ಹೇಳಬಲ್ಲವರು ಯಾರು?

ವಿಜಯನಗರದ ಕಾಲಕ್ಕೆ ಈ ವ್ಯಾಪಾರವು ರಾಜ್ಯದ ಉಸಿರೇ ಆಗಿಬಿಟ್ಟಿತು. ಬಹುಮನಿ ಸುಲ್ತಾನರ ಸವಾರರನ್ನು ಎದುರಿಸಬೇಕಾದರೆ ಕುದುರೆ ಬೇಕು. ಕುದುರೆ ಬೇಕಾದರೆ ಭಟ್ಕಳ, ಹೊನ್ನಾವರ, ಗೋವೆಗಳ ರೇವು ಬೇಕು. ತಾನೇ ಕುದುರೆಯ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನೂನಿಜನು 1535ರ ಸುಮಾರಿನಲ್ಲಿ ಬರೆದಿಟ್ಟಿರುವಂತೆ, ಅರಸನು ವರ್ಷಕ್ಕೆ 13,000 ಹೋರ್ಮಜಿನ ಕುದುರೆಗಳನ್ನೂ ಅವುಗಳ ಜೊತೆಗೆ ನಾಡಕುದುರೆಗಳನ್ನೂ ಕೊಳ್ಳುತ್ತಿದ್ದನು. ಒಳ್ಳೆಯವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದುವನ್ನು ಸರದಾರರಿಗೆ ಕೊಡುತ್ತಿದ್ದನು. ಅವನಿಗಿಂತ ಹಿಂದೆ ಆಳಿದ ಸಾಳುವ ನರಸಿಂಹನ ವಿಚಾರದಲ್ಲಿ ನೂನಿಜನು ಹೇಳುವ ಸಂಗತಿ ಇನ್ನೂ ವಿಸ್ಮಯಕರವಾದುದು. ಸಾವಿರ ವರಹಕ್ಕೆ ಮೂರು ಕುದುರೆಯಂತೆ ಆ ದೊರೆಯು ಕೊಳ್ಳುತ್ತಿದ್ದನಂತೆ. ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ, ಜೀವವಿರುವ ಕುದುರೆಗೆ ಕೊಡುವಷ್ಟೇ ಹಣವನ್ನು ಎಣಿಸಿಕೊಡುತ್ತಿದ್ದನಂತೆ. ವರ್ತಕನು ಬೇಸರಗೊಂಡು ಶತ್ರುವಿನ ರೇವಿಗೆ ತಿರುಗದಿರಲೆಂಬ ಆತಂಕ ಇದರ ಹಿಂದೆ ಕಾಣುತ್ತದೆ. ಕೃಷ್ಣದೇವರಾಯನು ತನ್ನ ಆಮುಕ್ತಮಾಲ್ಯದದ ರಾಜನೀತಿಯ ಭಾಗದಲ್ಲಿ, ಆನೆಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ಮನೆಗಳನ್ನೂ ಊರುಗಳನ್ನೂ ಕೊಟ್ಟು, ದರ್ಶನವಿತ್ತು, ಅವರು ವೈರಿಗಳ ಕಡೆಗೆ ಹೋಗದಂತೆ ನೋಡಿಕೊಳ್ಳಬೇಕೆಂಬ ಅಭಿಪ್ರಾಯವನ್ನು ಸೂಚಿಸಿದ್ದಾನೆ. ಇಂದಿಗೂ ಹಂಪೆಯ ಹಜಾರರಾಮನ ಗುಡಿಯ ಪ್ರಾಕಾರದ ಮೇಲೆ ಕುದುರೆಗಳ ಸಾಲನ್ನೂ ಅವುಗಳನ್ನು ನಡೆಸಿಕೊಂಡು ಬರುವವರನ್ನೂ ನೋಡಬಹುದು.

1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದ ಮೇಲೆ ಈ ಆತಂಕವು ಮತ್ತಷ್ಟು ಹೆಚ್ಚಿತು. ಕುದುರೆಯ ಹಾದಿ ಪೋರ್ಚುಗೀಸರ ಕೈಗೆ ಸೇರಿತು. ಅವರು ವಿಜಯನಗರ ಬಿಜಾಪುರಗಳೆರಡನ್ನೂ ಅದರ ಆಸೆಯಲ್ಲಿಯೇ ಆಡಿಸಿದರು. 1547ರಲ್ಲಿ ಸದಾಶಿವರಾಯನ ಆಳಿಕೆಯಲ್ಲಿ ನಡೆದ ಒಪ್ಪಂದದಿಂದ ಗೋವೆಗೆ ಬರುವ ಕುದುರೆಗಳು ವಿಜಯನಗರಕ್ಕೇ ಹೋಗತಕ್ಕದ್ದೆಂದು ಗೊತ್ತಾಯಿತು. ಹದಿನೆಂಟು ವರ್ಷಗಳ ಬಳಿಕ, 1565ರ ಯುದ್ಧದಲ್ಲಿ ವಿಜಯನಗರವು ಬಿದ್ದಾಗ, ಗೋವೆಯ ಕುದುರೆ ಸುಂಕವೂ ಕುಸಿಯಿತು. ಕೊಳ್ಳುವವನು ಕೆಟ್ಟರೆ ಮಾರುವವನೂ ಕೆಡುತ್ತಾನೆ.

ಅಷ್ಟು ಹೊನ್ನನ್ನು ಸುರಿದವರು ಹೆಣ್ಣುಕುದುರೆಗಳನ್ನು ಸಾಕಿ ಮರಿಮಾಡಿಸಬಾರದಾಗಿತ್ತೆ ಎಂದು ಶ್ರೋತೃಗಳು ಕೇಳಬಹುದು. ಹವೆಯೊಂದೇ ಅಡ್ಡಿಯಾಗಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಗಬ್ಬದ 11 ತಿಂಗಳು, ಬೆಳೆಯುವ ನಾಲ್ಕು ವರ್ಷ, ಒಟ್ಟು ಐದು ವರ್ಷ ಕಾದ ಹೊರತು ಒಂದು ಮರಿ ಯುದ್ಧದ ಕುದುರೆಯಾಗದು. ಹಡಗಿನಿಂದ ಇಳಿದ ಕುದುರೆಗೆ ಕೆಲವು ವಾರಗಳಲ್ಲಿಯೇ ಜೀನು ಹಾಕಬಹುದು. ಬರುವ ಬೇಸಗೆಯಲ್ಲಿಯೇ ದಂಡು ಹೊರಡಬೇಕಾದ ದೊರೆಗೆ ಐದು ವರ್ಷದ ಮಾತು ರುಚಿಸುವುದು ಹೇಗೆ? ದನಗಳ ವಿಷಯದಲ್ಲಿ ನಮ್ಮ ಮೈಸೂರು ಸಂಸ್ಥಾನವೇ ಬೇರೆ ಮಾರ್ಗವನ್ನು ಹಿಡಿಯಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಬೆಣ್ಣೆಚಾವಡಿಯು, ಟಿಪ್ಪು ಸುಲ್ತಾನನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಕಾವಲುಗಳಲ್ಲಿ ಹುಟ್ಟಿ ಬೆಳೆದ ಆ ಎತ್ತುಗಳು ಹೈದರನ ಫಿರಂಗಿಗಳನ್ನು ಎಳೆದುವು. ಹುಲ್ಲುಗಾವಲು, ದನಗಾಹಿ, ಹಲವು ತಲೆಮಾರುಗಳ ತಾಳ್ಮೆ, ಈ ಮೂರೂ ಒಂದೆಡೆ ಸೇರಿದರೆ ತಳಿಯೊಂದು ನಿಲ್ಲುತ್ತದೆಂಬುದಕ್ಕೆ ಅದು ಸಾಕ್ಷಿ.

ಕುದುರೆಯ ವಿಷಯದಲ್ಲಿ ಆ ಮೂರೂ ಸೇರಿದುದು ಅರಮನೆಯಿಂದ ದೂರದಲ್ಲಿ. ಭೀಮಾನದಿಯ ದಡದ ನಾಡಿನಲ್ಲಿ, ಒಣ ಹವೆಯ, ಕುರುಚಲು ಹುಲ್ಲಿನ ಬಯಲಿನಲ್ಲಿ, ಭೀಮಥಡಿ ಎಂಬ ಗಿಡ್ಡ ಕುದುರೆಯ ತಳಿಯೊಂದು ರೂಪುಗೊಂಡಿತು. ನಾಡ ತಟ್ಟುಗಳಿಗೆ ಹೊರಗಿನಿಂದ ಬಂದ ಅರಬ್ಬಿ ಮುಂತಾದ ಕುದುರೆಗಳ ರಕ್ತ ಬೆರೆತು ಆದುದು ಅದು ಎನ್ನುತ್ತಾರೆ. ಅದನ್ನು ಸಾಕಿದವರು ಒಕ್ಕಲಿನವರು, ಧನಗರರು, ಕುರುಬರು. ನೋಟಕ್ಕೆ ಅದು ದೊಡ್ಡದಲ್ಲ. ಅರಬ್ಬಿಯ ಠೀವಿ ಅದಕ್ಕಿಲ್ಲ. ಆದರೆ ಸಿಕ್ಕಿದುದನ್ನು ತಿಂದು, ಕಲ್ಲುದಾರಿಯಲ್ಲಿ ದಿನವೆಲ್ಲ ನಡೆದು, ಮಾರನೆಯ ದಿನವೂ ನಡೆಯುವ ಗುಣ ಅದರದು. 17 ಮತ್ತು 18ನೆಯ ಶತಮಾನಗಳಲ್ಲಿ ಮರಾಠರ ಹಗುರವಾದ ಸವಾರರು ಮೊಗಲರ ಭಾರವಾದ ದಂಡುಗಳನ್ನು ದಣಿಸಿದುದು ಬಹುಮಟ್ಟಿಗೆ ಇಂತಹ ಕುದುರೆಗಳ ಬೆನ್ನಿನ ಮೇಲೆ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದ ಮೇಲೆ ಅದಕ್ಕೆ ರಾಜಾಶ್ರಯ ತಪ್ಪಿತು. ಆದರೂ ಅದು ನಶಿಸಲಿಲ್ಲ. ಕುರಿಯ ಹಿಂಡಿನ ಜೊತೆಯಲ್ಲಿ ನಡೆಯುತ್ತಲೇ ಬಂದಿತು. ಕರ್ನಾಲಿನಲ್ಲಿರುವ ರಾಷ್ಟ್ರೀಯ ಸಂಸ್ಥೆಯು ಈಚಿನ ವರ್ಷಗಳಲ್ಲಿ ಅದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿಕೊಂಡಿರುವುದು ಸಂತೋಷದ ಸಂಗತಿ.

ಮೈಸೂರಿನಲ್ಲಿ ಈ ಕಥೆಗೆ ಇನ್ನೊಂದು ಮುಖವುಂಟು. ಅದು ಸಿಲ್ಲೇದಾರನ ಮನೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರು ಏರ್ಪಡಿಸಿದ ಸಿಲ್ಲೇದಾರ್ ಸವಾರರು 1803ರ ಮರಾಠಾ ಯುದ್ಧದಲ್ಲಿಯೂ 1817ರ ಮಹೀದಪುರದ ಯುದ್ಧದಲ್ಲಿಯೂ ಭಾಗವಹಿಸಿದರು. ಸಿಲ್ಲೇದಾರನೆಂದರೆ ತನ್ನ ಸ್ವಂತ ಕುದುರೆಯನ್ನೂ ಆಯುಧವನ್ನೂ ತಂದು ಚಾಕರಿ ಮಾಡುವವನು. ಸಂಬಳ ಸರ್ಕಾರದ್ದು, ಕುದುರೆ ಮನೆಯದು. ಸಾಮಾನ್ಯವಾಗಿ ಕುದುರೆ ಸತ್ತರೆ ನಷ್ಟ ಅವನದೇ. ಮತ್ತೊಂದನ್ನು ಕೊಳ್ಳಲಾರದವನು ಸಾಲಗಾರನಾಗಬೇಕು, ಇಲ್ಲವೆ ಕಾಲಾಳಾಗಬೇಕು. ಅಂತಹ ಮನೆಯ ಹಿತ್ತಿಲಿನಲ್ಲಿ ಹೆಣ್ಣುಕುದುರೆಯೊಂದು ಈದ ರಾತ್ರಿಯನ್ನು ಶ್ರೋತೃಗಳು ಊಹಿಸಿಕೊಳ್ಳಲಿ. ಮರಿಯು ಎದ್ದು ನಿಂತರೆ, ಐದು ವರ್ಷದ ಬಳಿಕ ಮಗನಿಗೆ ಒಂದು ಚಾಕರಿ. ಬಿದ್ದರೆ, ಇದ್ದುದರಲ್ಲಿಯೇ ಕಾಲಹರಣ. ದೊರೆಯ ಲಾಯದಲ್ಲಿ ಒಂದು ಮರಿ ಸತ್ತರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಇಲ್ಲಿ ಹಾಗಲ್ಲ. ಎಚ್ಚರವಾಗಿರಲು ಆ ಮನೆಯವರಿಗೆ ಯಾರೂ ಆಜ್ಞೆಮಾಡಬೇಕಾಗಿರಲಿಲ್ಲ.

ಅರಮನೆಯೂ ಕೊನೆಗೆ ಪಾಠ ಕಲಿಯಿತು. ಕುಣಿಗಲ್ಲಿನ ಕುದುರೆ ಫಾರಂ 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಆರಂಭವಾಯಿತೆಂದು ಪ್ರತೀತಿ. ಮುಂದೆ ಅದು ಮೈಸೂರು ಸರ್ಕಾರದ ಆಡಳಿತದಲ್ಲಿ ಸವಾರರ ಕುದುರೆಗಳಿಗಾಗಿ ನಡೆಯಿತು. ಆಮೇಲೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಹವೆ ಪ್ರತಿಕೂಲವೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲವೆಂಬುದನ್ನು, ಮೈಸೂರು ಪ್ರಸ್ಥಭೂಮಿಯ ಮಟ್ಟಸವಾದ ಹವೆಯಲ್ಲಿ, ಬೇಲಿಹಾಕಿದ ಹುಲ್ಲುಗಾವಲುಗಳ ನಡುವೆ, ಕುಣಿಗಲ್ಲು ತೋರಿಸಿಕೊಟ್ಟಿತು. ಅಲ್ಲಿಯೂ ಈಯುವ ಕಾಲ ಬಂದಾಗ ಕಾಸ್ತಾರನು ನಿದ್ದೆಗೆಟ್ಟು ಕುಳಿತಿರಬೇಕೆಂಬ ನಿಯಮಕ್ಕೆ ವಿನಾಯಿತಿಯಿರಲಾರದು. ಮರಿಯ ಮೈಯೊರೆಸಿ ಅದನ್ನು ತಾಯಿಯ ಕೆಚ್ಚಲಿನ ಬಳಿಗೆ ಸೇರಿಸುವ ಕಾಸ್ತಾರನ ಹೆಸರನ್ನು ಪಂದ್ಯದ ಪಟ್ಟಿಗಳಲ್ಲಿ ಯಾರೂ ಅಚ್ಚುಹಾಕುವುದಿಲ್ಲ. ಆದರೂ ಮೊದಲ ಎರಡು ಗಂಟೆಗಳ ಮಟ್ಟಿಗೆ ಒಡೆಯನು ಅವನೇ.

ಕಾಲವು ಈಗ ಬದಲಾಗಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆಲ್ಲುವಲ್ಲಿ ಜೋಧಪುರದ ಸವಾರರೊಡನೆ ಕೀರ್ತಿಯನ್ನು ಪಡೆದ ಮೈಸೂರು ಲ್ಯಾನ್ಸರ್ಸ್ ಪಡೆಯು, 1953ರಲ್ಲಿ ಬೇರೆ ಸಂಸ್ಥಾನಗಳ ಸವಾರರೊಂದಿಗೆ ಭಾರತ ಸೈನ್ಯದ 61ನೆಯ ಅಶ್ವದಳದಲ್ಲಿ ಸೇರಿಹೋಯಿತು. ಸಿಲ್ಲೇದಾರನೂ ಇಲ್ಲ, ಅವನ ಹಿತ್ತಿಲಿನ ಲಾಯವೂ ಇಲ್ಲ. ಕುದುರೆಗಾಗಿ ರಾಜ್ಯಗಳು ಒಂದರ ಮೇಲೊಂದು ಬೀಳುವ ಕಾಲ ಕಳೆದುಹೋಯಿತು. ಅದು ಕಳೆದುದಕ್ಕಾಗಿ ವ್ಯಸನಪಡಬೇಕಾದುದೂ ಇಲ್ಲ. ಆದರೆ ಆ ಚರಿತ್ರೆಯಿಂದ ತಿಳಿಯುವ ಒಂದು ವಿಷಯವನ್ನು ಮರೆಯಬಾರದು. ಹೊನ್ನಿನಿಂದ ಕುದುರೆಯನ್ನು ಕೊಳ್ಳಬಹುದು. ಕುದುರೆಯನ್ನು ಬಲ್ಲ ಮನೆಯನ್ನು ಕೊಳ್ಳಲಾಗುವುದಿಲ್ಲ. ವರ್ತಕರು ಕುದುರೆವೈದ್ಯರನ್ನು ದೂರವಿಟ್ಟುದು ಈ ಗುಟ್ಟನ್ನು ಬಲ್ಲವರಾದುದರಿಂದಲೇ. ಅಜ್ಜಿಯಿಂದ ಮೊಮ್ಮಗನಿಗೆ, ಮಾವನಿಂದ ಸೊಸೆಗೆ, ಕತ್ತಲಲ್ಲಿ ಕೈಯಿಂದ ಕೈಗೆ ಬರುವ ವಿದ್ಯೆ ಅದು. ಒಂದು ತಲೆಮಾರು ಅದನ್ನು ಬಿಟ್ಟರೆ, ಮುಂದಿನ ತಲೆಮಾರು ಬಾಲಕ್ಕೆ ಹಣ ತೆರಬೇಕಾಗುತ್ತದೆ.

ನಾವು ಆ ಹೊಲವನ್ನು ಬಿಟ್ಟು ಹೊರಟಾಗ ಬಿಸಿಲು ಏರಿತ್ತು. ಮರಿಯು ಹೊಟ್ಟೆತುಂಬ ಹಾಲು ಕುಡಿದು, ತಾಯಿಯ ನೆರಳಿನಲ್ಲಿ ಕಾಲು ಚಾಚಿ ಮಲಗಿತ್ತು. ರಾತ್ರಿಯೆಲ್ಲ ಎದ್ದಿದ್ದ ಮುದುಕಿಯು ಗುಡಾರದ ಬಾಯಲ್ಲಿ ಕಂಬಳಿ ಹೊದೆದು ಮಲಗಿದ್ದಳು. ಬೀಡು ಎಂದು ಹೊರಡುವುದೆಂದು ಹಿರಿಯನನ್ನು ಕೇಳಿದೆವು. ಅವನು ಮರಿಯ ಕಡೆಗೆ ಕೈ ತೋರಿಸಿ, "ಅದು ನಡೀತೈತಿ ಅಂದ ದಿನಾರೀ" ಎಂದನು.